ನಿಂತ ಅಂಗಡಿಯ ಕಥೆ: 'ಸ್ಟೇಷನರಿ' ಎಂಬ ಎರಡು ಪದಗಳು



ಇಂಗ್ಲಿಷಿನಲ್ಲಿ 'ಸ್ಟೇಷನರಿ' ಎಂಬ ಪದ ಒಂದಲ್ಲ, ಎರಡು. ಕನ್ನಡ ಲಿಪಿಯಲ್ಲಿ ಬರೆದಾಗ ಇವೆರಡರ ನಡುವೆ ಯಾವ ಭೇದವೂ ಉಳಿಯುವುದಿಲ್ಲ. ಇಂಗ್ಲಿಷ್ ಲಿಪಿಯಲ್ಲಿ ಬರೆದಾಗ ಒಂದೇ ಒಂದು ಅಕ್ಷರ ಬೇರೆಯಾಗುತ್ತದೆ. ಕೊನೆಯ ಮೂರು ಅಕ್ಷರಗಳು ಎ-ಆರ್-ವೈ ಆದರೆ 'ಚಲಿಸದೆ ನಿಂತಿರುವ' ಎಂದರ್ಥ. ಇ-ಆರ್-ವೈ ಆದರೆ ಕಾಗದ, ಲೇಖನಿ, ಲಕೋಟೆ, ಶಾಯಿ ಮೊದಲಾದ ಬರವಣಿಗೆಯ ಸಾಮಗ್ರಿ. ನಿಲ್ದಾಣದಲ್ಲಿ ನಿಂತ ಬಸ್ಸಿಗೆ ಮೊದಲನೆಯದು ಸಲ್ಲುತ್ತದೆ. ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ನೀವು ಕೊಳ್ಳುವ ನೋಟ್ ಪುಸ್ತಕ, ಪೆನ್ಸಿಲು, ರಬ್ಬರುಗಳಿಗೆ ಎರಡನೆಯದು.

ಇಷ್ಟು ಸಣ್ಣ ಭೇದಕ್ಕೆ ಇಷ್ಟು ದೀರ್ಘವಾದ ಟಿಪ್ಪಣಿ ಏಕೆಂದು ನೀವು ಕೇಳಬಹುದು. ಕಾರಣವಿದೆ. ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಓದುವ ಮಗು ಇಂತಹ ಪದವೊಂದನ್ನು ತಪ್ಪಾಗಿ ಬರೆದಾಗ ಉತ್ತರಪತ್ರಿಕೆಯ ಮೇಲೆ ಬೀಳುವುದು ಒಂದು ಕೆಂಪು ಗೆರೆ ಮಾತ್ರ. ಆದರೆ ಮನೆಯಲ್ಲಿ ಆ ಗೆರೆಗೆ ಬೇರೊಂದು ಅರ್ಥ ಹುಟ್ಟುತ್ತದೆ. "ಕನ್ನಡ ಮಾಧ್ಯಮಕ್ಕೆ ಹಾಕಿದ್ದರ ಫಲ" ಎಂದು ಬಂಧುಗಳು ಹೇಳುತ್ತಾರೆ; ನೆರೆಯವರು ತಮ್ಮ ಮಗುವಿನ ಇಂಗ್ಲಿಷ್ ಶಾಲೆಯ ಹೆಸರು ತೆಗೆಯುತ್ತಾರೆ. ಮರುವರ್ಷ ವರ್ಗಾವಣೆ ಪತ್ರಕ್ಕೆ ಅರ್ಜಿ ಬರೆಯಲಾಗುತ್ತದೆ. ಕನ್ನಡ ವಿಭಾಗವೊಂದು ಮುಚ್ಚುವುದು ಸರಕಾರದ ಆದೇಶದಿಂದ ಮಾತ್ರವಲ್ಲ. ಹೀಗೆ ಒಂದೊಂದಾಗಿ ಹೊರಟುಹೋಗುವ ಮಕ್ಕಳಿಂದಲೂ ಮುಚ್ಚುತ್ತದೆ. ಆದುದರಿಂದ ಆ ಕೆಂಪು ಗೆರೆ ನಿಜವಾಗಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಒಂದೇ ಒಂದು ಪದಜೋಡಿಯ ಚರಿತ್ರೆಯ ಮೂಲಕ ನೋಡೋಣ.

ಮೂಲದಲ್ಲಿ ಈ ಎರಡು ಪದಗಳು ಒಂದೇ. ಎರಡರ ಬೇರೂ ಲ್ಯಾಟಿನ್ ಭಾಷೆಯ 'ಸ್ತಾರೆ' ಎಂಬ ಕ್ರಿಯಾಪದದಲ್ಲಿದೆ; ಅದರ ಅರ್ಥ 'ನಿಲ್ಲು'. ಅದರಿಂದ 'ಸ್ತಾತಿಯೊ', ಎಂದರೆ ನಿಲ್ಲುವ ಜಾಗ, ಕಾವಲು ನಿಲ್ಲುವ ನೆಲೆ. ಆ ನೆಲೆಗೆ ಸೇರಿದವನು 'ಸ್ತಾತಿಯೊನಾರಿಯುಸ್'. ರೋಮನ್ನರ ಕಾಲದಲ್ಲಿ ಈ ಹೆಸರು ಒಂದು ನೆಲೆಯಲ್ಲಿ ಕಾವಲಿಗೆ ನಿಂತ ಸೈನಿಕನಿಗೆ ಸಲ್ಲುತ್ತಿತ್ತು. ಪುಸ್ತಕಕ್ಕೂ ಕಾಗದಕ್ಕೂ ಆ ಪದದೊಳಗೆ ಯಾವ ಸಂಬಂಧವೂ ಇರಲಿಲ್ಲ. ಇದ್ದುದು ನಿಲ್ಲುವಿಕೆಯೊಂದೇ.

ಇಲ್ಲಿ ನಮ್ಮ ಮಕ್ಕಳಿಗೆ ಹೇಳಬಹುದಾದ ಒಂದು ಸಂಗತಿಯುಂಟು. ಲ್ಯಾಟಿನ್ನಿನ ಈ ಧಾತುವೂ ಸಂಸ್ಕೃತದ 'ಸ್ಥಾ' ಧಾತುವೂ ಒಂದೇ ಪ್ರಾಚೀನ ಭಾಷಾಕುಟುಂಬದ ಸೋದರರು. ಸ್ಥಾನ, ಸ್ಥಿರ, ಸ್ಥಿತಿ, ಸ್ಥಾವರ ಎಂದು ನಾವು ಕನ್ನಡದಲ್ಲಿ ದಿನವೂ ಬಳಸುವ ಪದಗಳೆಲ್ಲ ಆ ಧಾತುವಿನಿಂದ ಬಂದವು. ಸಂಸ್ಕೃತದ 'ಸ್ಥಾನ'ವೇ ಪ್ರಾಕೃತದ ದಾರಿಯಲ್ಲಿ ಸವೆದು 'ಠಾಣೆ' ಆಯಿತು. 'ಪೊಲೀಸ್ ಸ್ಟೇಷನ್' ಎಂದರೂ 'ಪೊಲೀಸ್ ಠಾಣೆ' ಎಂದರೂ, ಬೇರುಗಳನ್ನು ಹಿಡಿದು ಸಾಕಷ್ಟು ಹಿಂದೆ ಹೋದರೆ, ನಾವು ಹೇಳುತ್ತಿರುವುದು ಒಂದೇ ಪದವನ್ನು. ಸೋಲಾಪುರ, ಅಕ್ಕಲಕೋಟೆಯ ಕಡೆಯ ಓದುಗರಿಗೆ ಸ್ಥಾವರ, ಜಂಗಮ ಎಂಬ ಜೋಡಿಪದವನ್ನು ವಿವರಿಸಬೇಕಾಗಿಲ್ಲ. ಎ-ಆರ್-ವೈ ಎಂದು ಕೊನೆಗೊಳ್ಳುವ 'ಸ್ಟೇಷನರಿ'ಗೆ ಕನ್ನಡದಲ್ಲಿ ಅತ್ಯಂತ ಸಮೀಪದ ಪದ 'ಸ್ಥಾವರ'ವೇ. ಅರ್ಥದಲ್ಲಿ ಸಮೀಪ, ಕುಲದಲ್ಲಿಯೂ ಸಮೀಪ.

ಇಂಗ್ಲಿಷಿಗೆ ಈ ವಿಶೇಷಣ ಬಂದದ್ದು 14ನೆಯ ಶತಮಾನದ ಕೊನೆಯ ಹೊತ್ತಿಗೆ. ಅದೂ ಬಂಡಿ, ಹಡಗುಗಳ ಮಾತಿನಲ್ಲಿ ಅಲ್ಲ, ಗ್ರಹಗಳ ಮಾತಿನಲ್ಲಿ. ಮುಂದಕ್ಕೆ ಸಾಗುತ್ತಿರುವಂತೆ ಕಾಣುವ ಗ್ರಹವು ವಕ್ರಗತಿಗೆ ತಿರುಗುವ ಮೊದಲು ಆಕಾಶದಲ್ಲಿ ಕೆಲಕಾಲ ನಿಂತಂತೆ ತೋರುತ್ತದೆ. ಪಂಚಾಂಗ ಬಲ್ಲ ಹಿರಿಯರು ಮನೆಯಲ್ಲಿದ್ದರೆ ಕೇಳಿ ನೋಡಿ. ಹಾಗೆ ನಿಂತಂತಿರುವ ಗ್ರಹಕ್ಕೆ ಇಂಗ್ಲಿಷ್ ಜ್ಯೋತಿಷಿಗಳು ಈ ಪದವನ್ನು ಬಳಸಿದರು. ಅಲ್ಲಿಂದ ಅದು ನೆಲಕ್ಕೆ ಇಳಿದು ನಿಂತ ಯಂತ್ರಕ್ಕೂ ನಿಂತ ಬಂಡಿಗೂ ಸಂದಿತು. ಈ ಪದದ ಕಥೆ ಇಷ್ಟೇ. ಅದು ತನ್ನ ಅರ್ಥದಂತೆಯೇ ಹೆಚ್ಚು ಚಲಿಸಲಿಲ್ಲ. ಚಲಿಸಿದ್ದು ಅದರ ಒಡಹುಟ್ಟು.

ಮಧ್ಯಯುಗದ ಯುರೋಪಿನಲ್ಲಿ ವ್ಯಾಪಾರವೆಂದರೆ ಹೆಚ್ಚಾಗಿ ಅಲೆದಾಟ. ಹೆಗಲಿಗೆ ಗಂಟು ಕಟ್ಟಿಕೊಂಡು ಊರೂರು ತಿರುಗುವವರು, ವಾರಕ್ಕೊಂದು ಸಂತೆ, ವರ್ಷಕ್ಕೊಂದು ಜಾತ್ರೆ ಎಂದು ಸಾಗುವವರು ಬಹಳ. ಒಂದೇ ಜಾಗದಲ್ಲಿ ಅಂಗಡಿ ಇಟ್ಟು ವರ್ಷವಿಡೀ ಅಲ್ಲೇ ಕುಳಿತಿರುವವನು ವಿರಳ. ಆ ವಿರಳರಲ್ಲಿ ಒಬ್ಬನು ಪುಸ್ತಕದವನು. ಬೊಲೊನ್ಯ, ಪ್ಯಾರಿಸ್ ಮೊದಲಾದ ಊರುಗಳಲ್ಲಿ ವಿಶ್ವವಿದ್ಯಾಲಯಗಳು ಬೆಳೆದು ಸಾವಿರಾರು ವಿದ್ಯಾರ್ಥಿಗಳು ನೆರೆದಾಗ ಅವರಿಗೆ ಗ್ರಂಥಗಳು ಬೇಕಾದವು. ಮುದ್ರಣ ಇನ್ನೂ ಬಂದಿರಲಿಲ್ಲ. ಪುಸ್ತಕವೆಂದರೆ ಚರ್ಮದ ಹಾಳೆಯ ಮೇಲೆ ಕೈಯಲ್ಲಿ ನಕಲು ಮಾಡಿದ ಪ್ರತಿ. ಆಗ ವಿಶ್ವವಿದ್ಯಾಲಯದ ಪರವಾನಗಿ ಪಡೆದು, ಅದರ ನೆರೆಯಲ್ಲಿಯೇ ಸ್ಥಿರವಾದ ಅಂಗಡಿ ಇಟ್ಟ ವ್ಯಾಪಾರಿಗೆ ಜನ 'ಸ್ತಾತಿಯೊನಾರಿಯುಸ್' ಎಂಬ ಹಳೆಯ ಹೆಸರನ್ನೇ ಕೊಟ್ಟರು. ತಿರುಗದೆ ನಿಂತವನು. ಇಂಗ್ಲಿಷಿನಲ್ಲಿ ಅವನೇ 'ಸ್ಟೇಷನರ್'.

ಅವನ ವ್ಯಾಪಾರದ ರೀತಿ ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು, ಏಕೆಂದರೆ ಪಠ್ಯಪುಸ್ತಕ ಸಿಗದ ಕಷ್ಟವನ್ನು ನಾವು ಗಡಿಯವರು ಚೆನ್ನಾಗಿ ಬಲ್ಲೆವು. ಅವನ ಬಳಿ ಪ್ರತಿಯೊಂದು ಪಾಠಗ್ರಂಥದ ಒಂದು ಮೂಲಪ್ರತಿ ಇರುತ್ತಿತ್ತು. ಅದನ್ನು ವಿಶ್ವವಿದ್ಯಾಲಯವು ನೇಮಿಸಿದವರು ಓದಿ, ಪಾಠ ಶುದ್ಧವಾಗಿದೆಯೆಂದು ಒಪ್ಪಬೇಕಾಗಿತ್ತು. ಆ ಮೂಲಪ್ರತಿಯನ್ನು ಅವನು ಒಟ್ಟಾಗಿ ಹೊಲಿದು ಇಡುತ್ತಿರಲಿಲ್ಲ. ಸಾಮಾನ್ಯವಾಗಿ ನಾಲ್ಕು ಹಾಳೆಗಳ ಬಿಡಿ ತುಂಡುಗಳಾಗಿ ಇಡುತ್ತಿದ್ದನು. ಒಬ್ಬ ವಿದ್ಯಾರ್ಥಿ ಅಥವಾ ಲಿಪಿಕಾರನು ಮೊದಲ ತುಂಡನ್ನು ಬಾಡಿಗೆಗೆ ಒಯ್ದು ನಕಲು ಮಾಡಿ ಹಿಂದಿರುಗಿಸಿದಾಗ ಎರಡನೆಯದನ್ನು ಒಯ್ಯುತ್ತಿದ್ದನು. ಮೊದಲನೆಯದು ಇನ್ನೊಬ್ಬನ ಕೈ ಸೇರುತ್ತಿತ್ತು. ಹೀಗೆ ಒಂದೇ ಗ್ರಂಥವನ್ನು ಹತ್ತಾರು ಜನ ಏಕಕಾಲದಲ್ಲಿ ನಕಲು ಮಾಡಬಹುದಾಗಿತ್ತು. ಬಾಡಿಗೆಯ ದರವನ್ನು ಅಂಗಡಿಯವನು ಇಷ್ಟಬಂದಂತೆ ಏರಿಸುವಂತಿರಲಿಲ್ಲ. ಪ್ಯಾರಿಸ್ ವಿಶ್ವವಿದ್ಯಾಲಯವು 1275ರಲ್ಲಿ ಈ ವ್ಯಾಪಾರಿಗಳಿಗೆ ನಿಯಮಾವಳಿಯನ್ನು ವಿಧಿಸಿತು. 1304ರ ದರಪಟ್ಟಿಯೊಂದು ಇಂದಿಗೂ ಉಳಿದಿದೆ. ಅವರು ಪ್ರಮಾಣವಚನ ಸ್ವೀಕರಿಸಬೇಕಾಗಿತ್ತು. ಬೊಲೊನ್ಯದಲ್ಲಿ ಪ್ರತಿಯಲ್ಲಿ ತಪ್ಪಿದ್ದರೆ ದಂಡ ತೆರಬೇಕಾಗಿತ್ತು. ಶಾಲೆ ತೆರೆದು ತಿಂಗಳುಗಳಾದರೂ ನಮ್ಮ ಭಾಷೆಯ ಪುಸ್ತಕ ಬಾರದಿರುವಾಗ ಆ ದಂಡದ ವಿಚಾರ ನೆನಪಾಗದೆ ಇರದು, ಅದಿರಲಿ.

ಇಂಗ್ಲೆಂಡಿನಲ್ಲಿ ಈ ಕಸುಬಿನವರು ಲಂಡನ್ನಿನ ಸಂತ ಪಾಲರ ಮಹಾದೇವಾಲಯದ ಸುತ್ತ ನೆಲೆ ನಿಂತರು. 1403ರಲ್ಲಿ ನಗರದ ಮೇಯರ್ ಮತ್ತು ಹಿರಿಯರ ಒಪ್ಪಿಗೆಯಿಂದ ಲಿಪಿಕಾರರು, ಹಾಳೆಗಳಿಗೆ ಬಣ್ಣದ ಚಿತ್ರ ಬರೆಯುವವರು, ಪುಸ್ತಕ ಕಟ್ಟುವವರು, ಮಾರುವವರು ಸೇರಿ ಒಂದು ಸಂಘವನ್ನು ಕಟ್ಟಿಕೊಂಡರು. 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯವನ್ನು ಸ್ಥಾಪಿಸಿದ ಮೇಲೆ ಮುದ್ರಕರೂ ಈ ಸಂಘಕ್ಕೆ ಬಂದರು. 1557ರಲ್ಲಿ ರಾಣಿ ಮೇರಿ ಮತ್ತು ಆಕೆಯ ಪತಿ ಫಿಲಿಪ್ ಇವರಿಂದ 'ಸ್ಟೇಷನರ್ಸ್ ಕಂಪನಿ'ಗೆ ರಾಜಶಾಸನ ದೊರೆಯಿತು. ಅಂದಿನಿಂದ ಈ ಸಂಘದ ಸದಸ್ಯರಲ್ಲದವರು, ರಾಜನ ವಿಶೇಷ ಅಪ್ಪಣೆ ಇಲ್ಲದವರು ಇಂಗ್ಲೆಂಡಿನಲ್ಲಿ ಏನನ್ನೂ ಅಚ್ಚು ಹಾಕುವಂತಿರಲಿಲ್ಲ. ಪುಸ್ತಕದ ಹೆಸರು ಸಂಘದ ದಾಖಲೆ ಪುಸ್ತಕದಲ್ಲಿ ಏರಬೇಕು. ಏರಿಸಿದವನಿಗೆ ಅದನ್ನು ಅಚ್ಚು ಹಾಕುವ ಹಕ್ಕು. ಶೇಕ್ಸ್‌ಪಿಯರನ ನಾಟಕಗಳ ಹೆಸರುಗಳು ಏರಿದ್ದೂ ಅದೇ ದಾಖಲೆಯಲ್ಲಿ.

ಈ ಸಂಘದವರಿಗೆ ಲಾಭ ತಂದ ಪುಸ್ತಕಗಳಲ್ಲಿ ಮಕ್ಕಳ ಅಕ್ಷರಮಾಲೆಯೂ ಒಂದು. ಎ-ಬಿ-ಸಿ ಮತ್ತು ಕಿರಿಯ ಧರ್ಮಬೋಧೆ ಸೇರಿದ ಪುಟ್ಟ ಪುಸ್ತಕವೊಂದು ಮನೆಮನೆಗೂ ಬೇಕಾಗಿತ್ತು. ಅದನ್ನು ಅಚ್ಚು ಹಾಕುವ ಏಕಸ್ವಾಮ್ಯ ಜಾನ್ ಡೇ ಎಂಬ ಮುದ್ರಕನಿಗಿತ್ತು. ರೋಜರ್ ವಾರ್ಡ್ ಎಂಬ ಇನ್ನೊಬ್ಬನು ಆ ಪುಸ್ತಕದ 10,000 ಪ್ರತಿಗಳನ್ನು ಕಳ್ಳತನದಿಂದ ಅಚ್ಚು ಹಾಕಿ ಸಿಕ್ಕಿಬಿದ್ದನು. 1582ರಲ್ಲಿ ಮೊಕದ್ದಮೆ ನಡೆಯಿತು. ಬಳಿಕ 1603ರಲ್ಲಿ ಅಕ್ಷರಮಾಲೆ, ಪ್ರಾರ್ಥನಾಪುಸ್ತಿಕೆ, ಪಂಚಾಂಗಗಳನ್ನು ಅಚ್ಚು ಹಾಕುವ ಹಕ್ಕು ನೇರವಾಗಿ ಸಂಘದ ಕೈಗೇ ಬಂದಿತು. ಒಂದು ದೇಶದ ಮಕ್ಕಳು ಯಾವ ಅಕ್ಷರಮಾಲೆ ಹಿಡಿದು ಕಲಿಯಬೇಕು ಎಂಬುದು ಒಂದು ವ್ಯಾಪಾರಿ ಸಂಘದ ತೀರ್ಮಾನವಾಗಿತ್ತೆಂಬುದನ್ನು ಗಮನಿಸಿ. ಈ ಸ್ಥಿತಿ ಸಡಿಲವಾದದ್ದು 1695ರಲ್ಲಿ, ಮುದ್ರಣ ಪರವಾನಗಿಯ ಕಾನೂನಿನ ಅವಧಿ ಮುಗಿದಾಗ. 1710ರಲ್ಲಿ ಜಾರಿಗೆ ಬಂದ ರಾಣಿ ಆನ್‌ಳ ಕಾಲದ ಶಾಸನವು ಪುಸ್ತಕದ ಹಕ್ಕನ್ನು ಮೊದಲ ಬಾರಿಗೆ ಬರೆದವನಿಗೆ ಕೊಟ್ಟಿತು, ಹೊಸ ಪುಸ್ತಕಕ್ಕೆ 14 ವರ್ಷ, ಲೇಖಕ ಬದುಕಿದ್ದರೆ ಮತ್ತೆ 14 ವರ್ಷ. ವಿದ್ಯೆಗೆ ಉತ್ತೇಜನ ಕೊಡುವ ಶಾಸನವೆಂದು ಅದು ತನ್ನನ್ನು ತಾನೇ ಕರೆದುಕೊಂಡಿತು.

ಇಷ್ಟರಲ್ಲಿ ಕಸುಬು ಒಡೆಯಿತು. ಪುಸ್ತಕ ಮಾರುವವನು ಬೇರೆಯಾದನು, ಅಚ್ಚು ಹಾಕುವವನು ಬೇರೆಯಾದನು. 'ಸ್ಟೇಷನರ್' ಎಂಬ ಹಳೆಯ ಹೆಸರು ಕಾಗದ, ಲೇಖನಿ, ಶಾಯಿ ಮಾರುವವನ ಬಳಿ ಉಳಿಯಿತು. 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟು ಆ ಸಂಧಿಕಾಲವನ್ನು ತೋರಿಸುತ್ತದೆ: ಈ ಪದಕ್ಕೆ ಅವನು ಕೊಟ್ಟ ಮೊದಲ ಅರ್ಥ ಪುಸ್ತಕ ಮಾರುವವನು, ಎರಡನೆಯ ಅರ್ಥ ಕಾಗದ ಮಾರುವವನು. ಅವನು ಮಾರುವ ಸಾಮಾನಿಗೂ ಒಂದು ಹೆಸರು ಬೇಕಾಯಿತು. 17ನೆಯ ಶತಮಾನದ ಕೊನೆಯ ಹೊತ್ತಿಗೆ 'ಸ್ಟೇಷನರನ ಸರಕು' ಎಂಬ ಅರ್ಥದ ಪ್ರಯೋಗ ಬಂದಿತು. ಮುಂದೆ 'ಸರಕು' ಎಂಬುದು ಬಿದ್ದುಹೋಗಿ 'ಸ್ಟೇಷನರಿ' ಮಾತ್ರ ಉಳಿಯಿತು.

ಇನ್ನು ಆ ಒಂದು ಅಕ್ಷರದ ಮಾತು. ಈ ಹೊಸ ಪದವನ್ನು ಯಾವ ಅಕ್ಷರದಿಂದ ಬರೆಯಬೇಕೆಂಬ ವಿಚಾರದಲ್ಲಿ ಇಂಗ್ಲಿಷರಲ್ಲೇ ಒಮ್ಮತವಿರಲಿಲ್ಲ. ಕಾಗದದ ಸಾಮಾನಿಗೂ ಎ-ಆರ್-ವೈ ಎಂದು ಬರೆದ ಉದಾಹರಣೆಗಳು ಹಳೆಯ ಬರಹಗಳಲ್ಲಿ ಸಿಗುತ್ತವೆ. ಅದಕ್ಕೆ ಆಧಾರವೂ ಇತ್ತು: ಎರಡರ ಕೊನೆಯೂ ಲ್ಯಾಟಿನ್ನಿನ ಒಂದೇ ಪ್ರತ್ಯಯದಿಂದ ಬಂದದ್ದು. ಆದರೆ 18ನೆಯ ಶತಮಾನದಿಂದೀಚೆಗೆ ನಿಘಂಟುಕಾರರಿಗೂ ಮುದ್ರಕರಿಗೂ ಎರಡು ಅರ್ಥಕ್ಕೆ ಎರಡು ರೂಪ ಇದ್ದರೆ ಅನುಕೂಲವೆಂದು ತೋರಿತು. ಕ್ರಮೇಣ ಇ-ಆರ್-ವೈ ರೂಪವು ಕಾಗದಕ್ಕೆ ಮೀಸಲಾಯಿತು. ಸರಕಾರಿ ಕಚೇರಿಗಳ ಕಾಗದದ ಖರ್ಚನ್ನು ತಗ್ಗಿಸಲು ಬ್ರಿಟನ್ನಿನಲ್ಲಿ 1786ರಲ್ಲಿ ಒಂದು 'ಸ್ಟೇಷನರಿ ಆಫೀಸ್' ಸ್ಥಾಪನೆಯಾಯಿತು. ಆ ಮಾದರಿಯ ಇಲಾಖೆಗಳು ನಮ್ಮ ದೇಶದ ಆಡಳಿತದಲ್ಲಿಯೂ ಬೇರೂರಿವೆ.

ಅಂದರೆ, ನಿಮ್ಮ ಮಗುವಿನ ಉತ್ತರಪತ್ರಿಕೆಯ ಆ ಕೆಂಪು ಗೆರೆಯ ಹಿಂದಿರುವುದು ಭಾಷೆಯ ಸಹಜ ನಿಯಮವಲ್ಲ, ಒಂದು ಒಪ್ಪಂದ. ಒಪ್ಪಂದವನ್ನು ಗೌರವಿಸಬೇಕು, ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆಯಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಕಿವಿಯಿಂದ ಬರತಕ್ಕದ್ದಲ್ಲ ಎಂಬುದನ್ನು ಅರಿಯಬೇಕು. ಲಂಡನ್ನಿನಲ್ಲಿ ಹುಟ್ಟಿ ಇಂಗ್ಲಿಷನ್ನೇ ತಾಯ್ನುಡಿಯಾಗಿ ಆಡುವ ಮಗುವೂ ಇದನ್ನು ಬಾಯಿಪಾಠದಿಂದಲೇ ಕಲಿಯಬೇಕು. ಆ ದೇಶದ ವಿದ್ಯಾವಂತರೂ ಈ ಜೋಡಿಯಲ್ಲಿ ಎಡವುವುದು ಸಾಮಾನ್ಯ. ಅವರ ವ್ಯಾಕರಣದ ಕೈಪಿಡಿಗಳಲ್ಲಿ ಗೊಂದಲದ ಪದಗಳ ಪಟ್ಟಿ ಇದ್ದರೆ ಅದರಲ್ಲಿ ಇವು ಇಲ್ಲದಿರುವುದು ಅಪರೂಪ.

ಕಾರಣ ಇಂಗ್ಲಿಷ್ ಉಚ್ಚಾರಣೆಯಲ್ಲಿದೆ. ಆ ಭಾಷೆ ಒಂದು ಪದದ ಯಾವುದೋ ಒಂದು ಭಾಗವನ್ನು ಒತ್ತಿ ಹೇಳುತ್ತದೆ. ಒತ್ತು ಬೀಳದ ಕಡೆ ಸ್ವರಗಳೆಲ್ಲ ಸೋತು ಒಂದೇ ಅಸ್ಪಷ್ಟ ಧ್ವನಿಯಾಗುತ್ತವೆ. ಅಲ್ಲಿ 'ಎ' ಬರೆದಿದ್ದರೂ 'ಇ' ಬರೆದಿದ್ದರೂ ಕೇಳುವವನಿಗೆ ಒಂದೇ. ಕನ್ನಡ ಹಾಗಲ್ಲ. ಬಲೆ ಎಂದರೆ ಮೀನು ಹಿಡಿಯುವುದು, ಬಳೆ ಎಂದರೆ ಕೈಗೆ ತೊಡುವುದು. ಹಲ್ಲಿ ಗೋಡೆಯ ಮೇಲೆ, ಹಳ್ಳಿ ನಾವಿರುವ ಊರು. ಕರು ಕೊಟ್ಟಿಗೆಯಲ್ಲಿ, ಕಾರು ರಸ್ತೆಯಲ್ಲಿ. ಬರಹದ ಭೇದ ನಾಲಗೆಯಲ್ಲಿದೆ, ಕಿವಿಯಲ್ಲಿದೆ. ಮಹಾಪ್ರಾಣಗಳಲ್ಲಿಯೂ ಶಕಾರ ಷಕಾರಗಳಲ್ಲಿಯೂ ನಮ್ಮಲ್ಲೂ ತಪ್ಪುಗಳಾಗುತ್ತವೆ ಎಂಬುದು ನಿಜ. ಆದರೂ ಒಟ್ಟಿನಲ್ಲಿ ಕನ್ನಡದ ಮಗು 'ಕೇಳಿದಂತೆ ಬರೆ' ಎಂಬ ನಂಬಿಕೆಯೊಂದಿಗೆ ಬೆಳೆಯುತ್ತದೆ. ಅದೇ ನಂಬಿಕೆಯನ್ನು ಹಿಡಿದು ಇಂಗ್ಲಿಷಿಗೆ ಹೋದಾಗ ಎಡವುತ್ತದೆ. ಇದು ಬುದ್ಧಿಯ ಕೊರತೆಯಲ್ಲ. ಮಾಧ್ಯಮದ ಕೊರತೆಯೂ ಅಲ್ಲ. ಎರಡು ಲಿಪಿಪದ್ಧತಿಗಳ ಸ್ವಭಾವ ಬೇರೆ ಎಂಬುದನ್ನು ಆ ಮಗುವಿಗೆ ಯಾರೂ ಅದರ ಭಾಷೆಯಲ್ಲಿ ಹೇಳಿರುವುದಿಲ್ಲ, ಅಷ್ಟೇ.

ಇದನ್ನು ಹೇಳುವ ಬಗೆ ಸುಲಭ. ಬೇಕರಿ ಎಂಬ ಪದವನ್ನು ತೆಗೆದುಕೊಳ್ಳಿ. ರೊಟ್ಟಿ ಸುಡುವವನು ಬೇಕರ್, ಅವನ ಸ್ಥಳ ಬೇಕರಿ. ದಿನಸಿ ಮಾರುವವನು ಗ್ರೋಸರ್, ಅವನ ಸಾಮಾನು ಗ್ರೋಸರಿ. ಅದೇ ರೀತಿ ಕಾಗದ ಮಾರುವವನು ಸ್ಟೇಷನರ್, ಅವನ ಸಾಮಾನು ಸ್ಟೇಷನರಿ. ಕುಂಬಾರನಿಂದ ಕುಂಬಾರಿಕೆ, ಕಮ್ಮಾರನಿಂದ ಕಮ್ಮಾರಿಕೆ ಆದಂತೆ ಕಸುಬಿನವನ ಹೆಸರಿಗೆ ಬಾಲ ಅಂಟಿ ಬಂದ ಪದವಿದು. ಕಸುಬಿನವನ ಹೆಸರಿನ ಕೊನೆಗೆ ಇ-ಆರ್ ಇರುವುದರಿಂದ ಸಾಮಾನಿನ ಹೆಸರಿನಲ್ಲಿಯೂ ಇ-ಆರ್ ಉಳಿಯುತ್ತದೆ. ವ್ಯಕ್ತಿ ಇದ್ದರೆ 'ಇ', ಸ್ಥಿತಿ ಮಾತ್ರ ಇದ್ದರೆ 'ಎ'. ಇಷ್ಟನ್ನು ಕನ್ನಡದಲ್ಲಿ ಹೇಳಿದರೆ ನಾಲ್ಕನೆಯ ತರಗತಿಯ ಮಗುವಿಗೂ ತಿಳಿಯುತ್ತದೆ. ಇದನ್ನೇ ಅದು ಇನ್ನೂ ಅರಿಯದ ಇಂಗ್ಲಿಷಿನಲ್ಲಿ ಹೇಳಿದರೆ ವಿವರಣೆಯೇ ಮತ್ತೊಂದು ಬಾಯಿಪಾಠವಾಗುತ್ತದೆ.

ಇಂತಹ ಜೋಡಿಗಳು ಇನ್ನೂ ಇವೆ. ಹೂವಿಗೆ 'ಫ್ಲವರ್', ಹಿಟ್ಟಿಗೆ ಅದೇ ಉಚ್ಚಾರಣೆಯ ಇನ್ನೊಂದು ಸ್ಪೆಲ್ಲಿಂಗ್. ಇವೂ ಮೂಲದಲ್ಲಿ ಒಂದೇ ಪದ; ಧಾನ್ಯವನ್ನು ಬೀಸಿ ಜರಡಿ ಹಿಡಿದಾಗ ಸಿಗುವ ಅತ್ಯುತ್ತಮ ಭಾಗ ಅದರ 'ಹೂವು' ಎಂಬ ಭಾವನೆಯಿಂದ ಹಿಟ್ಟಿಗೆ ಆ ಹೆಸರು ಬಂದಿತು. ಜಾನ್ಸನ್ನನ ನಿಘಂಟು 1755ರಲ್ಲಿಯೂ ಇವನ್ನು ಎರಡು ಬೇರೆ ಪದಗಳೆಂದು ಎಣಿಸಲಿಲ್ಲ. ಶಾಲೆಯ ಮುಖ್ಯಸ್ಥನಾದ 'ಪ್ರಿನ್ಸಿಪಾಲ್' ಮತ್ತು 'ತತ್ತ್ವ' ಎಂಬ ಅರ್ಥದ ಅದರ ಜೋಡಿಪದ ಇವೆರಡೂ 'ಮೊದಲನೆಯದು' ಎಂಬರ್ಥದ ಲ್ಯಾಟಿನ್ ಬೇರಿನವು. ಇಲ್ಲಿ ಒಂದು ಸ್ವಾರಸ್ಯ: ಇಂಗ್ಲಿಷರ ಬಾಯಲ್ಲಿ ಇವೆರಡೂ ಒಂದೇ ತೆರನಾಗಿ ಕೇಳಿಸುತ್ತವೆ, ಆದರೆ ನಾವು 'ಪ್ರಿನ್ಸಿಪಾಲ್' ಎಂದು ಕೊನೆಯ ಸ್ವರವನ್ನು ತೆರೆದು ನುಡಿಯುತ್ತೇವೆ. ನಗರದವರು ನಗುವ ಆ ನಮ್ಮ ಉಚ್ಚಾರಣೆಯಲ್ಲಿ ಸರಿಯಾದ ಸ್ಪೆಲ್ಲಿಂಗ್ ಅಡಗಿದೆ. ಮಗುವಿಗೆ ಅದನ್ನು ಬಿಡಿಸಬೇಡಿ. ಬರೆಯುವಾಗ ಅದನ್ನೇ ನೆನೆಯಲು ಹೇಳಿ.

ಕನ್ನಡ ನಾಡಿಗೆ ಸ್ಟೇಷನರನ ಕಸುಬು ಬಂದ ದಾರಿಗಳಲ್ಲಿ ಒಂದು ಮಂಗಳೂರಿನದು. 1834ರಲ್ಲಿ ಅಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನವರು 1841ರಲ್ಲಿ ಮುದ್ರಣಾಲಯ ತೆರೆದರು. ಅಲ್ಲಿ ಶಾಲಾಪುಸ್ತಕಗಳು ಅಚ್ಚಾದವು. 1843ರಲ್ಲಿ ಹರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ' ಹೊರಟಿತು. 1894ರಲ್ಲಿ ಫರ್ಡಿನಾಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಅದೇ ಊರಿನಿಂದ ಬಂದಿತು. ಕಾಸರಗೋಡು ಆಗ ಮಂಗಳೂರಿನ ಜಿಲ್ಲೆಗೇ ಸೇರಿದ್ದ ತಾಲೂಕು; ಚಂದ್ರಗಿರಿಯ ಉತ್ತರದ ಮಕ್ಕಳು ಓದಿದ್ದೂ ಆ ಜಿಲ್ಲೆಯ ಕನ್ನಡವನ್ನೇ. ಅನೇಕ ಭಾಷೆಗಳನ್ನು ಬಲ್ಲ ಮಂಜೇಶ್ವರದ ಗೋವಿಂದ ಪೈಗಳು ಈ ನೆಲದವರು. ಹಲವು ಭಾಷೆಗಳನ್ನು ಕಲಿಯುವುದಕ್ಕೆ ಕನ್ನಡ ಅಡ್ಡಿಯಾಗುತ್ತದೆ ಎನ್ನುವವರಿಗೆ ನಾನು ಬೇರೆ ಉತ್ತರವನ್ನು ಹುಡುಕುವುದಿಲ್ಲ.

ಈಗ ಕಾಸರಗೋಡಿನ ಅಥವಾ ವಯನಾಡಿನ ಪೇಟೆಯಲ್ಲಿ 'ಸ್ಟೇಷನರಿ' ಎಂಬ ಫಲಕವುಳ್ಳ ಅಂಗಡಿಗೆ ಹೋಗಿ ನೋಡಿ. ಸಾಬೂನು ಇದೆ, ಬಿಸ್ಕತ್ತು ಇದೆ, ತಲೆಗೆ ಹಚ್ಚುವ ಎಣ್ಣೆ ಇದೆ. ಒಂದು ಮೂಲೆಯಲ್ಲಿ ಪೆನ್ನು, ಪುಸ್ತಕವೂ ಇರಬಹುದು. ಕೇರಳದಲ್ಲಿ ಆ ಪದ ದಿನಬಳಕೆಯ ಸಣ್ಣ ಸಾಮಾನಿನ ಅಂಗಡಿಗೆಲ್ಲ ಸಲ್ಲುವಷ್ಟು ಹಿಗ್ಗಿದೆ. ಕಾವಲು ಸೈನಿಕನಿಂದ ಗ್ರಂಥದ ವ್ಯಾಪಾರಿಗೆ, ಅವನಿಂದ ಕಾಗದಕ್ಕೆ, ಕಾಗದದಿಂದ ಸಾಬೂನಿಗೆ: ನಿಲ್ಲುವುದು ಎಂಬ ಅರ್ಥದ ಪದ ಎಷ್ಟು ದೂರ ನಡೆದಿದೆ ನೋಡಿ.

ನಮ್ಮ ಕಥೆ ಇದಕ್ಕೆ ವಿರುದ್ಧ. ನಾವು ನಡೆಯಲಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಜನ ತಮ್ಮ ಮನೆಯಲ್ಲಿ, ತಮ್ಮ ಹೊಲದಲ್ಲಿ ಇದ್ದಂತೆಯೇ ಇದ್ದರು. ಗೆರೆ ಅವರನ್ನು ದಾಟಿಕೊಂಡು ಹೋಯಿತು. ಅದೇ 1956ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿಯು 350ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಹೇಳಿತು. ಬಳಿಕ ರಾಜ್ಯಭಾಷೆಯ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯಿದೆಗಳು ಬಂದವು: ತಮಿಳುನಾಡಿನಲ್ಲಿ 2006ರದು, ಕೇರಳದಲ್ಲಿ 2017ರದು, ತೆಲಂಗಾಣದಲ್ಲಿ 2018ರದು, ಮಹಾರಾಷ್ಟ್ರದಲ್ಲಿ 2020ರದು. ನೆಲದ ಭಾಷೆಯನ್ನು ಕಲಿಯುವುದು ನಮಗೆ ಒಳಿತೇ. ಆದರೆ ಲೆಕ್ಕ ಹಾಕಿ ನೋಡಿ. ಕಾಸರಗೋಡಿನ ಕನ್ನಡದ ಮಗು ಕನ್ನಡ, ಮಲಯಾಳ, ಹಿಂದಿ, ಇಂಗ್ಲಿಷ್ ಎಂದು ನಾಲ್ಕು ಲಿಪಿಗಳನ್ನು ಹೊರುತ್ತದೆ. ಸೋಲಾಪುರದ ಮಗುವಿಗೆ ಮರಾಠಿ, ಹಿಂದಿಗಳ ಲಿಪಿ ಒಂದೇ ಆದುದರಿಂದ ಮೂರು. ಹೊಸೂರು, ತಾಳವಾಡಿಯ ಮಗುವಿಗೆ ಕನ್ನಡ, ತಮಿಳು, ಇಂಗ್ಲಿಷ್. ತಮಿಳಿನ ಬರಹದಲ್ಲಿ ಕ, ಗಗಳಿಗೆ ಒಂದೇ ಅಕ್ಷರ. ಓದುವಾಗ ಯಾವುದೆಂದು ಸ್ಥಾನದಿಂದ ತಿಳಿಯಬೇಕು. ಪ್ರತಿಯೊಂದು ಲಿಪಿಗೂ ಅದರದೇ ಆದ ನಡತೆ. ಒಂದು ಲಿಪಿಯ ನಡತೆಯನ್ನು ಇನ್ನೊಂದರೊಡನೆ ಹೋಲಿಸಿ ತಿಳಿಹೇಳಲು ಮಗುವಿಗೆ ಪೂರ್ತಿಯಾಗಿ ಅರ್ಥವಾಗುವ ಒಂದು ಭಾಷೆ ಬೇಕೇ ಬೇಕು. ನಮ್ಮ ಮನೆಗಳಲ್ಲಿ ಅದು ಕನ್ನಡ.

ಆದ್ದರಿಂದ ಮುಂದಿನ ಪೋಷಕರ ಸಭೆಯಲ್ಲಿ, ಇಂಗ್ಲಿಷ್ ಅಂಕ ಏಕೆ ಕಡಿಮೆಯಾಯಿತು ಎಂಬ ಪ್ರಶ್ನೆಗೆ ಮೊದಲು ಇನ್ನೊಂದು ಪ್ರಶ್ನೆ ಕೇಳಿ: ಇಂಗ್ಲಿಷ್ ತರಗತಿಯಲ್ಲಿ ಪದಗಳ ಅರ್ಥವನ್ನೂ ಭೇದವನ್ನೂ ಯಾವ ಭಾಷೆಯಲ್ಲಿ ವಿವರಿಸಲಾಗುತ್ತಿದೆ? ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ವಿಭಾಗಕ್ಕೆ ನೇಮಿಸಿದ ದೂರುಗಳು ನಮ್ಮ ಎಲ್ಲ ಗಡಿಗಳಿಂದಲೂ ಬರುತ್ತಿವೆ. ಅಂತಹ ನೇಮಕವಾದಾಗ ಮಗುವಿನ ಗಣಿತ, ವಿಜ್ಞಾನದಂತೆ ಇಂಗ್ಲಿಷೂ ಹಾಳಾಗುತ್ತದೆ ಎಂಬುದನ್ನು ಮನವಿಪತ್ರದಲ್ಲಿ ಬರೆಯಲು ಹಿಂಜರಿಯಬೇಡಿ. ಇದುವರೆಗೆ ನಮ್ಮ ಮನವಿಗಳು ಕನ್ನಡದ ಅಭಿಮಾನದ ಮಾತನ್ನೇ ಹೆಚ್ಚಾಗಿ ಆಡಿವೆ, ಇಂಗ್ಲಿಷ್ ಕಲಿಕೆಯ ನಷ್ಟವನ್ನು ಹೇಳಿದ್ದು ಕಡಿಮೆ. ಅಧಿಕಾರಿಗಳಿಗೆ ಆ ಎರಡನೆಯ ಮಾತು ಬೇಗ ತಲುಪೀತು ಎಂಬುದು ನನ್ನ ಎಣಿಕೆ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಪೇಟೆಗೆ ಹೋದಾಗ ಮಗುವಿಗೆ ಅಂಗಡಿಗಳ ಇಂಗ್ಲಿಷ್ ಫಲಕಗಳನ್ನು ಓದಲು ಹೇಳಿ. ಕಾಗದದ ಅಂಗಡಿಯ ಮೇಲೆ ಎ-ಆರ್-ವೈ ಎಂದು ಬರೆದ ಫಲಕ ಒಂದಾದರೂ ಸಿಗದೆ ಇರದು. ಅದು ಏನು ಹೇಳುತ್ತಿದೆಯೆಂದು ಕೇಳಿ. "ಈ ಅಂಗಡಿ ಕದಲುವುದಿಲ್ಲ ಎಂದು ಬರೆದಿದ್ದಾರೆ" ಎಂದು ಮಗು ನಕ್ಕರೆ ಪಾಠ ಮುಗಿಯಿತು. ನಗು ನಿಂತ ಮೇಲೆ, ಇನ್ನೂರೈವತ್ತು ವರ್ಷಗಳ ಹಿಂದಾಗಿದ್ದರೆ ಲಂಡನ್ನಿನಲ್ಲಿಯೂ ಆ ಫಲಕ ನಡೆದುಹೋಗುತ್ತಿತ್ತು ಎಂಬುದನ್ನೂ ಹೇಳಿಬಿಡಿ.